ಕೆಲಸದ ಕೈಗೆ ಕೆಂಪು ಉಗುರು

ಸೊರಬ ತಾಲ್ಲೂಕಿನ ಗುಡವಿಯ ಕೆರೆಗೆ ಮಳೆಗಾಲದಲ್ಲಿ ಸಾವಿರಾರು ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ. ನಾವು ಚಿಕ್ಕವರಿದ್ದಾಗ ಜಡೆ ಕಡೆಯ ಅಜ್ಜಿಮನೆಯಲ್ಲಿ ಸಂಜೆ ಹೊತ್ತು ಬೆಳ್ಳಕ್ಕಿಗಳ ಸಾಲು ಗದ್ದೆಯ ಮೇಲೆ ಹಾರಿದರೆ ಸಾಕು, ಅಂಗಳಕ್ಕೆ ಓಡುತ್ತಿದ್ದೆವು. ಎರಡೂ ಕೈ ಮೇಲೆತ್ತಿ, ಉಗುರುಗಳನ್ನು ಒಂದಕ್ಕೊಂದು ಉಜ್ಜಿ, ನಿನ್ನ ಬಿಳುಪನ್ನು ನಮಗೂ ಕೊಡು ಎಂದು ಹಕ್ಕಿಯನ್ನು ಬೇಡುತ್ತಿದ್ದೆವು. ಎರಡು ದಿನ ಬಿಟ್ಟು ನೋಡಿದಾಗ ಯಾರದಾದರೂ ಒಂದು ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅವರಿಗೆ ಹೊಸ ಬಟ್ಟೆ ಗ್ಯಾರಂಟಿ. ಉಗುರಿನ ಬುಡಕ್ಕೆ ಎಂದೋ ತಗುಲಿದ ಸಣ್ಣ ಪೆಟ್ಟು ಹಾಗೆ ಚುಕ್ಕೆಯಾಗಿ ಮೇಲೆ ಬರುತ್ತದೆ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಅದು ಹಕ್ಕಿ ಕೊಟ್ಟ ಶೃಂಗಾರವೇ ಆಗಿತ್ತು.

ಊರಿನ ಹೆಸರು ಜಡೆ. ಹೆಸರು ಕೇಳಿದವರು ಇದು ಕೂದಲಿನ ವಿಷಯ ಎಂದುಕೊಂಡಾರು. ಆದರೆ ಈ ವಾರ ಹೇಳಹೊರಟಿರುವುದು ಉಗುರಿನ ಕಥೆ. ಯುಗಾದಿ ಬಂತೆಂದರೆ ಈಗ ಪಟ್ಟಣದ ಹುಡುಗಿಯರ ಮೊಬೈಲಿನಲ್ಲಿ ‘ನೇಲ್ ಆರ್ಟ್’ ಚಿತ್ರಗಳ ಸುಗ್ಗಿ. ತಿಳಿ ಹಸಿರು, ತಿಳಿ ಗುಲಾಬಿ, ಉಗುರಿಗೊಂದು ಹೂವು, ಹೂವಿಗೊಂದು ದುಂಬಿ. ಮನೆಯಲ್ಲೇ ಕುಳಿತು ಮಾಡಿಕೊಳ್ಳುವ ಬಗೆಯನ್ನು ತೋರಿಸುವವರೂ ಬೇಕಾದಷ್ಟು ಮಂದಿ. ಇದನ್ನು ಕಂಡ ಹಿರಿಯರು, ಇದೆಲ್ಲ ಕೆಲಸವಿಲ್ಲದವರ ಹುಚ್ಚು, ಹೊರಗಿನಿಂದ ಬಂದ ಫ್ಯಾಷನ್ ಎಂದು ಮೂಗು ಮುರಿಯುವುದುಂಟು. ನಿಜಕ್ಕೂ ಹಾಗೆಯೇ? ದಿನವಿಡೀ ದುಡಿಯುವ ಕೈಗೆ ಉಗುರಿನ ಅಲಂಕಾರ ಸಲ್ಲದೆ?

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ತೆಂಕಣದವರ ಗಿಡ್ಡ ಉಗುರು

ಸುಮಾರು ಕ್ರಿ.ಶ. 3ನೆಯ ಶತಮಾನದವನೆಂದು ಹೇಳಲಾಗುವ ವಾತ್ಸ್ಯಾಯನ ತನ್ನ ‘ಕಾಮಸೂತ್ರ’ದಲ್ಲಿ ಕಲಿಯಬೇಕಾದ 64 ಕಲೆಗಳ ಪಟ್ಟಿ ಕೊಟ್ಟಿದ್ದಾನೆ. ಹಾಡು, ಕುಣಿತ, ಚಿತ್ರಗಳ ಜೊತೆಗೆ ಹಲ್ಲು, ಬಟ್ಟೆ ಮತ್ತು ಮೈಗೆ ಬಣ್ಣ ಕಟ್ಟುವುದೂ ಆ ಪಟ್ಟಿಯಲ್ಲಿದೆ. ಅಂದರೆ ಅಂದಿನವರ ಕಣ್ಣಿಗೆ ಇದು ಹುಚ್ಚಲ್ಲ, ಕಲಿತು ಪಳಗಬೇಕಾದ ವಿದ್ಯೆ. ಅಷ್ಟೇ ಅಲ್ಲ, ಅಲಂಕಾರ ಹೆಣ್ಣಿನ ಪಾಲಿಗೆ ಮಾತ್ರ ಮೀಸಲಾಗಿರಲಿಲ್ಲ. ವಾತ್ಸ್ಯಾಯನನ ನಾಗರಿಕ ಪುರುಷನೂ ಬೆಳಿಗ್ಗೆ ಎದ್ದು, ಗಂಧ ಪೂಸಿ, ಮೇಣ ಮತ್ತು ಅಲಕ್ತಕದ ಕೆಂಪು ಹಚ್ಚಿಕೊಂಡು, ಕನ್ನಡಿ ನೋಡಿಯೇ ಹೊರಗೆ ಹೊರಡುತ್ತಾನೆ.

ಅದೇ ಗ್ರಂಥದಲ್ಲಿ ನಮಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಯಾವ ನಾಡಿನವರ ಉಗುರು ಹೇಗೆ ಎಂದು ವಾತ್ಸ್ಯಾಯನ ವಿಂಗಡಿಸುತ್ತಾನೆ. ಗೌಡರದು, ಎಂದರೆ ಬಂಗಾಳದ ಕಡೆಯವರದು, ಉದ್ದನೆಯ ಚೆಲುವಾದ ಉಗುರು. ಮಹಾರಾಷ್ಟ್ರದವರದು ಮಧ್ಯಮ ಅಳತೆಯದು. ದಕ್ಷಿಣದವರದೋ ಗಿಡ್ಡ, ಕೆಲಸವನ್ನು ತಾಳಿಕೊಳ್ಳುವಂಥದು! ಕುಂತಲದ ಶಾತಕರ್ಣಿಯ ಕಥೆಯನ್ನೂ ಆತ ಉಲ್ಲೇಖಿಸುತ್ತಾನೆ. ಕುಂತಲವೆಂದರೆ ಬನವಾಸಿಯನ್ನು ಒಳಗೊಂಡ ನಾಡು. ಬನವಾಸಿ ಜಡೆಗೆ ನೆರೆಯ ಸೀಮೆ. ಆದ್ದರಿಂದ ಈ ‘ಕೆಲಸ ತಾಳುವ ಉಗುರು’ ನಮ್ಮ ಕಡೆಯವರದೇ ಎಂದು ಹೆಮ್ಮೆಪಟ್ಟರೆ ತಪ್ಪಿಲ್ಲ.

ಅಲಕ್ತಕವೆಂದರೆ ಅರಗಿನ ಕೆಂಪು. ಹಳೆಯ ಕನ್ನಡದಲ್ಲಿ ಇದೇ ಅಲತಿಗೆ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆ ಕೊಂಬೆಗಳಿಗೆ ಅಂಟಿಕೊಂಡು ಬದುಕುವ ಪುಟ್ಟ ಕೀಟ ತನ್ನ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಆ ಅಂಟೇ ಅರಗು. ಅದನ್ನು ತೊಳೆದಾಗ ನೀರಿಗೆ ಇಳಿಯುವ ಕೆಂಪೇ ಅಲಕ್ತಕ. ಪಾದದ ಅಂಚಿಗೆ, ತುಟಿಗೆ, ಉಗುರಿಗೆ ಇದನ್ನು ಬಳಿಯುತ್ತಿದ್ದರು. ವಸಂತದಲ್ಲಿ ಎಲೆಯೆಲ್ಲ ಉದುರಿಸಿ ಬೆಂಕಿಯಂತೆ ಹೂ ಬಿಡುವ ಮುತ್ತುಗವೇ ಈ ಕೆಂಪಿಗೂ ಆಸರೆ ಎಂಬುದು ಸೋಜಿಗ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಬಣ್ಣಗಳ ನಡುವೆಯೂ ಅಲಕ್ತಕಕ್ಕೆ ಜಾಗವಿದೆ. ಗೋಡೆಗೆ ಬಳಿದ ಕೆಂಪೂ ಪಾದಕ್ಕೆ ಬಳಿದ ಕೆಂಪೂ ಒಂದೇ ಕೀಟದ ಕೊಡುಗೆ.

ಆ ಕಾಲದಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆಯುತ್ತಿತ್ತು. ಅಲ್ಲಿನ ಕೇದಾರೇಶ್ವರ, ಆನವಟ್ಟಿಗೆ ಸಮೀಪದ ಕುಬಟೂರಿನ ಕೈಟಭೇಶ್ವರ ದೇಗುಲಗಳನ್ನು ನೋಡಿದವರಿಗೆ ಅಂದಿನ ಶಿಲ್ಪಿಗಳ ಕೈಚಳಕ ಗೊತ್ತು. ಬೇಲೂರಿನ ಶಿಲಾಬಾಲಿಕೆ ಕನ್ನಡಿ ಹಿಡಿದು ನಿಂತಿದ್ದಾಳೆ. ಹಾರ, ಬಳೆ, ಕಡಗ, ಮುಡಿ ಎಲ್ಲವನ್ನೂ ಕಲ್ಲು ಹಿಡಿದಿಟ್ಟುಕೊಂಡಿದೆ. ಉಗುರಿನ ಬಣ್ಣವನ್ನು ಮಾತ್ರ ಹಿಡಿದಿಟ್ಟುಕೊಳ್ಳಲು ಅದಕ್ಕೆ ಸಾಧ್ಯವಾಗಲಿಲ್ಲ. ಹೀಗಾಗಿ ಅರಸಿಯರ ಒಡವೆಗಳಿಗೆ ಇತಿಹಾಸ ಸಿಕ್ಕಿತು. ಬೆಳೆದು, ಕತ್ತರಿಸಿ, ಮಣ್ಣು ಸೇರುವ ಉಗುರಿನ ಅಲಂಕಾರಕ್ಕೆ ಹಿತ್ತಿಲ ಗಿಡವೊಂದೇ ಸಾಕ್ಷಿಯಾಗಿ ಉಳಿಯಿತು.

ಹಿತ್ತಿಲ ಬಣ್ಣದಂಗಡಿ

ಆ ಗಿಡ ಗೋರಂಟಿ. ಮಲೆನಾಡು, ಕರಾವಳಿಯ ಕಡೆ ಮದರಂಗಿ. ಇತ್ತೀಚೆಗೆ ಎಲ್ಲರ ಬಾಯಲ್ಲೂ ಮೆಹೆಂದಿ. ತೆಲುಗಿನಲ್ಲಿ ಗೋರು ಎಂದರೆ ಉಗುರು. ಗೋರಿಂಟಾಕು ಎಂದರೆ ಉಗುರಿಗೆ ಅಂಟುವ ಎಲೆ ಎಂದು ಅಲ್ಲಿಯ ಜನ ಬಿಡಿಸಿ ಹೇಳುತ್ತಾರೆ. ಸಂಸ್ಕೃತದಲ್ಲಿ ಇದಕ್ಕಿರುವ ಒಂದು ಹೆಸರೂ ನಖರಂಜಕ, ಉಗುರಿಗೆ ಬಣ್ಣ ಕೊಡುವುದು. ಇಂದು ಮೆಹೆಂದಿ ಎಂದೊಡನೆ ಅಂಗೈ ತುಂಬ ಬಳ್ಳಿ, ನವಿಲು ಕಣ್ಣಮುಂದೆ ಬರುತ್ತವೆ. ಆದರೆ ಈ ಹೆಸರುಗಳು ಮೊದಲು ನೆನೆಯುವುದು ಉಗುರನ್ನು.

ನಮ್ಮ ಹಳ್ಳಿಗಳಲ್ಲಿ ಮದರಂಗಿಯ ಚಿತ್ತಾರ ತೀರ ಸರಳ. ಅಂಗೈ ನಡುವೆ ಒಂದು ದುಂಡನೆಯ ಚಂದ್ರ, ಸುತ್ತ ಕೆಲವು ಚುಕ್ಕೆ, ಬೆರಳ ತುದಿಗಳಿಗೆಲ್ಲ ಉಗುರು ಮುಚ್ಚುವಂತೆ ಟೊಪ್ಪಿ. ಕೋನ್ ಎಂಬುದು ಬರುವ ಮುಂಚೆ ಅರೆದ ಸೊಪ್ಪಿನಿಂದ ಇದಕ್ಕಿಂತ ಸೂಕ್ಷ್ಮವಾಗಿ ಬರೆಯುವುದು ಕಷ್ಟವಾಗಿತ್ತು. ಆದರೆ ಕಾರಣ ಅದೊಂದೇ ಅಲ್ಲ. ನಾಟಿ, ಕಳೆ, ಕೊಯ್ಲು, ಅಡಿಕೆ ಸುಲಿತ, ಮುಸುರೆ, ಸಗಣಿ ಇವುಗಳಲ್ಲಿ ದಿನ ಕಳೆಯುವ ಕೈಯಲ್ಲಿ ಅಂಗೈಯ ಬಳ್ಳಿ ನಾಲ್ಕು ದಿನವೂ ನಿಲ್ಲದು. ಉಗುರಿನ ಕೆಂಪು ನಿಲ್ಲುತ್ತದೆ.

ಏಕೆ ನಿಲ್ಲುತ್ತದೆ? ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಒಣಗಿದ ಎಲೆಯ ತೂಕದಲ್ಲಿ ಅದು ನೂರಕ್ಕೆ ಒಂದೆರಡು ಪಾಲಿನಷ್ಟು ಇದ್ದರೆ ಹೆಚ್ಚು. ಎಲೆ ಅರೆದು ಹುಳಿ ಬೆರೆಸಿದಾಗ ಅದು ಹೊರಗೆ ಬರುತ್ತದೆ. ಚರ್ಮದ ಮೇಲ್ಪದರ, ಕೂದಲು, ಉಗುರು ಮೂರೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಲಾಸೋನ್ ಆ ಕೆರಾಟಿನ್‌ಗೆ ಅಂಟಿ ಅದರೊಳಗೇ ಸೇರಿಹೋಗುತ್ತದೆ. ಚರ್ಮ ಸವೆದು ಉದುರುವುದರಿಂದ ಅಂಗೈಯ ಬಣ್ಣ ಎರಡು ಮೂರು ವಾರಗಳಲ್ಲಿ ಮಾಸುತ್ತದೆ. ಉಗುರು ಹಾಗೆ ಸವೆಯುವುದಿಲ್ಲ, ಬೆಳೆಯುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರಾ ಹೊಸದಾಗಲು ನಾಲ್ಕರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೂ ಕೆಂಪು ಮೆಲ್ಲಗೆ ಮೇಲೆ ಸರಿಯುತ್ತ, ಬುಡದಲ್ಲಿ ಬಿಳಿ ಅರ್ಧಚಂದ್ರ ಬಿಡುತ್ತ ಉಳಿದಿರುತ್ತದೆ. ಚೈತ್ರದಲ್ಲಿ ಹಚ್ಚಿದ್ದು ನಾಟಿಯ ಹೊತ್ತಿಗೂ ಒಂದಿಷ್ಟು ಕಾಣುತ್ತದೆ. ಮದುವೆಯಾಗಿ ಎಷ್ಟು ತಿಂಗಳಾಯಿತು ಎಂದು ಮದುವಣಗಿತ್ತಿಯ ಉಗುರು ನೋಡಿ ಹೇಳಬಹುದು.

ಲಿನೇಯಸ್ ಎಂಬ ಸಸ್ಯವಿಜ್ಞಾನಿ 1753ರಲ್ಲಿ ಈ ಗಿಡಕ್ಕೆ ಲಾಸೋನಿಯಾ ಎಂದು ಹೆಸರಿಟ್ಟ. ಲಾಸನ್ ಎಂಬ ತನ್ನ ವೈದ್ಯಮಿತ್ರನ ನೆನಪಿಗೆ ಇಟ್ಟ ಹೆಸರದು. ಆದರೆ ಅದಕ್ಕಿಂತ ಸಾವಿರಾರು ವರ್ಷ ಮೊದಲೇ ಈಜಿಪ್ಟಿನವರು ಇದನ್ನು ಬಲ್ಲವರಾಗಿದ್ದರು. ಅಲ್ಲಿಯ ಮಮ್ಮಿಗಳ ಕೂದಲು, ಉಗುರುಗಳಲ್ಲಿ ಇದರ ಗುರುತು ಸಿಕ್ಕಿದೆ. ಕೊರಿಯಾ ದೇಶದಲ್ಲಿ ಹೆಣ್ಣುಮಕ್ಕಳು ಕರ್ಣಕುಂಡಲದ ಹೂ, ಎಲೆಗಳನ್ನು ಸ್ಫಟಿಕದ ಪುಡಿಯೊಂದಿಗೆ ಜಜ್ಜಿ ಉಗುರಿಗೆ ಕಟ್ಟಿಕೊಳ್ಳುತ್ತಿದ್ದರು. ಕರ್ಣಕುಂಡಲದಲ್ಲೂ ಇರುವುದು ಇದೇ ಲಾಸೋನ್ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಎಲ್ಲಿಯ ಜಡೆ, ಎಲ್ಲಿಯ ಕೊರಿಯಾ! ಗದ್ದೆಯಲ್ಲಿ ಭತ್ತ ಬೆಳೆಯುವ ಎರಡು ನಾಡಿನ ಹೆಣ್ಣುಮಕ್ಕಳು ಬೇರೆ ಬೇರೆ ಗಿಡಗಳಲ್ಲಿ ಒಂದೇ ಕೆಂಪನ್ನು ಹುಡುಕಿಕೊಂಡಿದ್ದರು.

ಒಂದು ಬೆರಳಿನ ಔಷಧಿ

ಗೋರಂಟಿಗೆ ಇನ್ನೊಂದು ಮುಖವಿದೆ. ಹೊತ್ತೆಲ್ಲ ಕೆಸರು, ನೀರಿನಲ್ಲಿ ಕೈಯಿಟ್ಟವರಿಗೆ ಮಳೆಗಾಲದಲ್ಲಿ ಉಗುರುಸುತ್ತು ಕಾಡುತ್ತದೆ. ಉಗುರಿನ ಸುತ್ತ ಬಾತು, ಕೀವು ತುಂಬಿ, ರಾತ್ರಿಯೆಲ್ಲ ಸಿಡಿತ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರುವುದು ಒಂದು ಮದ್ದು, ಗೋರಂಟಿ ಅರೆದು ಕಟ್ಟುವುದು ಇನ್ನೊಂದು. ತೆಲುಗು ನಾಡಿನಲ್ಲಿ ಆಷಾಢದಲ್ಲಿ ಹೆಂಗಸರೆಲ್ಲ ಗೋರಂಟಿ ಹಚ್ಚಿಕೊಳ್ಳುವ ರೂಢಿಗೆ ಇದೇ ಕಾರಣವೆಂದು ಹಿರಿಯರು ಹೇಳುತ್ತಾರೆ.

ನನ್ನ ಅಜ್ಜಿಯ ಕೈಯಲ್ಲಿ ನಾನು ಕಂಡದ್ದೂ ಇದೇ ಕಾರಣದ ಕೆಂಪು. ಹಬ್ಬಕ್ಕೆ, ಮದುವೆಗೆ ಸೊಪ್ಪು ಕೊಯ್ದು, ಒರಳಿನಲ್ಲಿ ಹುಣಿಸೆಹುಳಿ, ಕಾಚು ಹಾಕಿ ನುಣ್ಣಗೆ ಅರೆಯುವವಳು ಅವಳೇ. ರಾತ್ರಿ ಊಟವಾದ ಮೇಲೆ ಮೊಮ್ಮಕ್ಕಳ ಸಾಲು. ಒಬ್ಬೊಬ್ಬರ ಬೆರಳಿಗೂ ಟೊಪ್ಪಿ ಹಾಕಿ, ಹರಳೆಲೆ ಸುತ್ತಿ, ಬಾಳೆಪಟ್ಟೆಯ ನಾರಿನಿಂದ ಕಟ್ಟುತ್ತಿದ್ದಳು. ಅರೆಯುವಾಗ ತಾಗಿದ ಬಣ್ಣ ಕೈಯಲ್ಲಿ ಉಳಿಯದಂತೆ ಮೊದಲೇ ಎಣ್ಣೆ ಸವರಿಕೊಂಡಿರುತ್ತಿದ್ದಳು. ಅದೇಕೆಂದು ನನಗೆ ಆಗ ಹೊಳೆದಿರಲಿಲ್ಲ. ಅಜ್ಜ ತೀರಿಹೋದ ಮೇಲೆ ಬಳೆ, ಕುಂಕುಮ, ಹೂವುಗಳ ಜೊತೆಗೆ ಗೋರಂಟಿಯೂ ಅವಳ ಪಾಲಿಗೆ ಇಲ್ಲವಾಗಿತ್ತು.

ಒಂದು ಆಷಾಢದಲ್ಲಿ ಅಜ್ಜಿಯ ನಡುಬೆರಳಿಗೆ ಉಗುರುಸುತ್ತಾಯಿತು. ಗೋರಂಟಿ ಅರೆದು ಕಟ್ಟಿಕೊಂಡಳು. ವಾರದಲ್ಲಿ ನೋವು ಇಳಿಯಿತು. ಉಗುರು ಕೆಂಪಾಗಿ ಉಳಿಯಿತು. ನೀನೂ ಹಚ್ಚಿಕೊಂಡೆಯಾ ಎಂದು ನಾನು ಕೂಗಿದ್ದಕ್ಕೆ, ‘ಔಷಧಿ ಮಾರಾಯ್ತಿ, ಶೃಂಗಾರ ಅಲ್ಲ’ ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಆದರೆ ಆಮೇಲೆ ಉಗುರು ತೆಗೆಯುವಾಗೆಲ್ಲ ಆ ಬೆರಳನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಸ್ವಲ್ಪವೇ ಸ್ವಲ್ಪ ಕತ್ತರಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಆ ಒಂದು ಉಗುರಿನ ತುದಿಯಲ್ಲಿ ದಾರದಷ್ಟು ಕೆಂಪು ಇನ್ನೂ ಇತ್ತು.

ಉಗುರಿನ ಬಣ್ಣದ ಚರಿತ್ರೆಯಲ್ಲಿ ಇದೂ ಒಂದು ಅಧ್ಯಾಯ. ಬಣ್ಣ ಅಗ್ಗವಾಗಿತ್ತು, ಹಿತ್ತಿಲಲ್ಲೇ ಬೆಳೆಯುತ್ತಿತ್ತು, ಜಾತಿ ಮತ ನೋಡುತ್ತಿರಲಿಲ್ಲ. ಯುಗಾದಿಗೂ ಅದೇ ಸೊಪ್ಪು, ರಂಜಾನಿಗೂ ಅದೇ ಸೊಪ್ಪು. ಆದರೆ ಹಚ್ಚಿಕೊಳ್ಳುವ ಹಕ್ಕು ಮಾತ್ರ ಎಲ್ಲರಿಗೂ ಇರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿ ಒಡವೆ, ವಸ್ತ್ರಗಳನ್ನೆಲ್ಲ ತೊರೆದು ಹೊರಟಳು. ಅದು ಅವಳ ಆಯ್ಕೆ. ತಾನಾಗಿ ಬಿಡುವುದಕ್ಕೂ ಊರು ಬಿಡಿಸುವುದಕ್ಕೂ ಅಜಗಜಾಂತರವಿದೆ.

ಸೀಸೆಯಲ್ಲಿ ಬಂದ ಬಣ್ಣ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲೂ ಉಗುರಿಗೆ ಪುಡಿ ಹಾಕಿ ಉಜ್ಜಿ ಹೊಳಪು ಬರಿಸುವುದೇ ರೂಢಿಯಾಗಿತ್ತು. ದ್ರವರೂಪದ ಉಗುರುಬಣ್ಣ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. 1932ರಲ್ಲಿ ಶುರುವಾದ ರೆವ್ಲಾನ್ ಕಂಪನಿ ಉಗುರುಬಣ್ಣ ಒಂದನ್ನೇ ನಂಬಿ ವ್ಯಾಪಾರಕ್ಕಿಳಿಯಿತು. ಮೋಟಾರು ಕಾರಿಗೆ ಬಳಿಯುವ ಬಣ್ಣದಲ್ಲಿದ್ದ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವೇ ಉಗುರುಬಣ್ಣದಲ್ಲೂ ಮುಖ್ಯ. ದ್ರಾವಕ ಆರಿಹೋದಾಗ ತೆಳ್ಳನೆಯ ಹೊಳೆಯುವ ಪೊರೆ ಉಳಿಯುತ್ತದೆ. ಭಾರತದಲ್ಲಿ ಟಾಟಾ ಸಂಸ್ಥೆ 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿತು. ನಮ್ಮ ಲಕ್ಷ್ಮಿಯೇ ಫ್ರೆಂಚರ ಬಾಯಲ್ಲಿ ಲ್ಯಾಕ್ಮೆಯಾದದ್ದು. ಮುಂದೆ ಜಾತ್ರೆಯ ಬಳೆಯಂಗಡಿಗಳಲ್ಲೂ ಪುಟ್ಟ ಸೀಸೆಗಳು ಸಾಲುಗಟ್ಟಿದವು.

ಗೋರಂಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಗೋರಂಟಿ ಉಗುರಿನಲ್ಲಿ ಬೆರೆಯುತ್ತದೆ, ಉಗುರುಬಣ್ಣ ಉಗುರಿನ ಮೇಲೆ ಹೊದೆಯುತ್ತದೆ. ಹೊದಿಕೆಯಾದ್ದರಿಂದ ನಾಲ್ಕು ಪಾತ್ರೆ ತೊಳೆದರೆ ಅಂಚು ಎದ್ದುಬರುತ್ತದೆ. ಹೊದಿಕೆಯಾದ್ದರಿಂದಲೇ ನೀಲಿ, ಹಸಿರು, ಹಳದಿ ಏನು ಬೇಕಾದರೂ ಆಗಬಲ್ಲದು, ಬೇಡವೆನಿಸಿದಾಗ ಕ್ಷಣದಲ್ಲಿ ತೆಗೆಯಬಹುದು. ಗೋರಂಟಿಗೆ ಒಂದೇ ಬಣ್ಣ, ಹಿಂದೆಗೆತವೂ ಇಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಉದ್ದನೆಯ ಬಣ್ಣಬಣ್ಣದ ಉಗುರುಗಳೊಂದಿಗೆ ಮೂರು ಚಿನ್ನದ ಪದಕ ಗೆದ್ದಾಗ ಜಗತ್ತು ಬೆರಗಾಯಿತು. ಅಲಂಕಾರ ಮಾಡಿಕೊಂಡವಳು ಕೆಲಸಕ್ಕೆ ಬಾರದವಳು ಎಂಬ ಮಾತಿಗೆ ಅವಳ ಓಟವೇ ಉತ್ತರವಾಗಿತ್ತು.

ಮೊದಲ ಸಲ ಮಾಡುವವರಿಗೆ

ಹಾಗಾದರೆ ಈ ವಸಂತಕ್ಕೆ ಮನೆಯಲ್ಲೇ ಏನು ಮಾಡಬಹುದು? ಗೋರಂಟಿಗೆ ಚೈತ್ರ, ವೈಶಾಖದ ಬಿಸಿಲು ಒಳ್ಳೆಯ ಕಾಲ. ಕಾವು ಹೆಚ್ಚಿದಷ್ಟೂ ಎಲೆಯಲ್ಲಿ ಬಣ್ಣ ಹೆಚ್ಚು. ಉಗುರನ್ನು ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಎಣ್ಣೆಯ ಅಂಶವಾಗಲಿ, ಹಳೆಯ ಉಗುರುಬಣ್ಣವಾಗಲಿ ಇದ್ದರೆ ಕೆಂಪು ಹಿಡಿಯದು. ಎಲೆಯನ್ನು ನುಣ್ಣಗೆ ಅರೆದು, ನಿಂಬೆರಸ ಹಿಂಡಿ, ಕೆಲವು ಗಂಟೆ ಮುಚ್ಚಿಡಿ. ಉಗುರಿನ ಮೇಲೆ ದಪ್ಪಗೆ ಮೆತ್ತಿ, ಒಣಗದಂತೆ ಎಲೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಹಾಕದೆ ಕೆರೆದು ತೆಗೆದು ಕೊಬ್ಬರಿ ಎಣ್ಣೆ ಸವರಿ. ಮೊದಲ ಸಲ ಬರುವುದು ಕಿತ್ತಳೆ ಬಣ್ಣ. ಎರಡು ಮೂರು ಸಲ ಹಚ್ಚಿದರೆ ಅದೇ ಗಾಢವಾಗುತ್ತದೆ.

ಚಿತ್ತಾರ ಬೇಕೆಂದರೆ ಒಂದು ಉಪಾಯವಿದೆ. ಗೋರಂಟಿ ಮೆತ್ತುವ ಮೊದಲು ಬೆಂಕಿಕಡ್ಡಿಯ ತುದಿಯಿಂದ ಉಗುರಿನ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟು ಒಣಗಲು ಬಿಡಿ. ಗೋರಂಟಿ ಅದರ ಕೆಳಗೆ ಇಳಿಯದು. ಕೊನೆಗೆ ರಿಮೂವರ್‌ನಲ್ಲಿ ಒರೆಸಿದರೆ ಕೆಂಪಿನ ನಡುವೆ ಬಿಳಿ ಚುಕ್ಕೆ ಅರಳಿರುತ್ತದೆ. ಮೇಣ ಹಚ್ಚಿ ಬಾಟಿಕ್ ಬಟ್ಟೆಗೆ ಬಣ್ಣ ಕೊಡುವುದೂ ಇದೇ ತತ್ವದ ಮೇಲೆ. ಇಂಥ ಐದು ಚುಕ್ಕೆ ಸೇರಿದರೆ ಒಂದು ಹೂವು.

ಉಗುರುಬಣ್ಣವನ್ನೇ ಬಳಸುವವರು ಮೊದಲು ಬಣ್ಣವಿಲ್ಲದ ಒಂದು ಪೂಸು ಹಾಕಿ, ಅದರ ಮೇಲೆ ಬೇಕಾದ ಬಣ್ಣದ ಎರಡು ತೆಳು ಪೂಸು ಹಾಕಬೇಕು. ದಪ್ಪನೆಯ ಒಂದು ಪೂಸು ಬೇಗ ಆರದು, ಬೇಗ ಸುಲಿಯುತ್ತದೆ. ಮಾದರಿಗೆ ಪರದೇಶದ ಹೂಗಳೇ ಆಗಬೇಕೆಂದಿಲ್ಲ. ನಮ್ಮ ಸೊರಬ, ಸಾಗರದ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಪುಂಡಿನಾರಿನ ಕುಂಚದಿಂದ ಹೆಂಗಸರು ಎಳೆಯುವ ಆ ನೇರ ಗೆರೆಗಳು ಪುಟ್ಟ ಉಗುರಿನ ಮೇಲೂ ಚೆನ್ನಾಗಿ ಕೂಡುತ್ತವೆ. ಕೆಂಪು ಉಗುರಿನ ಮೇಲೆ ಅಡ್ಡ ಎರಡು, ಉದ್ದ ಎರಡು ಬಿಳಿ ಗೆರೆ ಎಳೆದರೂ ಸಾಕು, ಹಸೆಗೋಡೆಯ ಒಂದು ಚೂರು ಬೆರಳಿಗೆ ಬಂದಂತೆ.

ಎಚ್ಚರಿಕೆಯ ಮಾತೂ ಒಂದೆರಡು. ಗಂಟೆಯೊಳಗೆ ಕಪ್ಪಾಗುವ ‘ಕಪ್ಪು ಮೆಹೆಂದಿ’ಯಲ್ಲಿ ಕೂದಲಿನ ಕೃತಕ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರಬಹುದು. ಅದು ಚರ್ಮಕ್ಕೆ ಬೊಬ್ಬೆ ಬರಿಸೀತು. ಎಳೆಯ ಕೂಸುಗಳಿಗೆ ಗೋರಂಟಿಯೂ ಬೇಡ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದ ಬಂದ ಕಿಣ್ವದ ಕೊರತೆಯಿದ್ದರೆ ಅದು ರಕ್ತದ ಕೆಂಪುಕಣಗಳನ್ನು ಒಡೆಯಬಲ್ಲದು. ದೀಪದ ಬೆಳಕಿನಲ್ಲಿ ಗಟ್ಟಿಯಾಗಿಸುವ ಜೆಲ್ ಬಣ್ಣವನ್ನು ಮನೆಯಲ್ಲಿ ಅರೆಬರೆಯಾಗಿ ಒಣಗಿಸಿದರೆ ಅಲರ್ಜಿಯಾಗುವುದುಂಟು. ಅಂಥ ಜೆಲ್‌ಗಳಲ್ಲಿ ಬಳಸುತ್ತಿದ್ದ ಟಿಪಿಒ ಎಂಬ ವಸ್ತುವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್‌ನಿಂದ ನಿಷೇಧಿಸಿದೆ. ಉಗುರುಸುತ್ತು ಹೆಚ್ಚಾಗಿ ಕೀವು ಕಟ್ಟಿದರೆ ಮದ್ದು ಅರೆಯುತ್ತ ಕೂರದೆ ವೈದ್ಯರ ಬಳಿ ಹೋಗುವುದೇ ಸರಿ.

ಎರಡನೆಯ ಕೈ

‘ನೀವೇ ಮಾಡಿಕೊಳ್ಳಿ’ ಎಂಬುದು ಇಂದಿನ ಮಂತ್ರ. ಆದರೆ ಗೋರಂಟಿ ಹಚ್ಚಿದವರಿಗೆ ಗೊತ್ತು, ಒಂದು ಕೈಗೆ ತಾನೇ ಹಚ್ಚಿಕೊಳ್ಳಬಹುದು, ಎರಡನೆಯ ಕೈಗೆ ಇನ್ನೊಬ್ಬರು ಬೇಕು. ಎರಡೂ ಕೈ ಕಟ್ಟಿಸಿಕೊಂಡು ಕುಳಿತ ಮೇಲೆ ನೀರು ಕುಡಿಸಲು, ಮೂಗು ತುರಿಸಿದರೆ ಕೆರೆಯಲು, ಹೊದಿಕೆ ಹೊದಿಸಲು ಮತ್ತೊಬ್ಬರು ಬೇಕು. ವರ್ಷವೆಲ್ಲ ಬಿಡುವಿಲ್ಲದೆ ದುಡಿದ ಕೈಗಳು ಆ ಒಂದು ರಾತ್ರಿ ಏನೂ ಮಾಡುವಂತಿಲ್ಲ. ಬಣ್ಣಕ್ಕಿಂತ ಹೆಚ್ಚಾಗಿ ಆ ಬಿಡುವೇ ಹೆಣ್ಣುಮಕ್ಕಳಿಗೆ ಹಬ್ಬವಾಗಿತ್ತೋ ಏನೋ.

ಅಜ್ಜಿ ಈಗ ಇಲ್ಲ. ಗಿಡ ಹಿತ್ತಿಲಲ್ಲಿ ಇದೆ. ಕಳೆದ ಯುಗಾದಿಗೆ ಹೋದಾಗ ಸೊಪ್ಪು ಕೊಯ್ದು ಅರೆದೆವು. ಮಕ್ಕಳ ಸಾಲು ಮುಗಿದ ಮೇಲೆ, ಐದು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ನಮ್ಮ ದೊಡ್ಡಮ್ಮ ಒರಳು ತೊಳೆಯಲು ಎದ್ದರು. ನನ್ನ ತಂಗಿ ಅವರ ಕೈ ಹಿಡಿದು ಕೂರಿಸಿ, ಏನೂ ಕೇಳದೆ, ಹೆಬ್ಬೆರಳಿಗೆ ಮೊದಲ ಟೊಪ್ಪಿ ಹಾಕಿದಳು. ದೊಡ್ಡಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಇನ್ನೊಂದು ಕೈಯನ್ನೂ ಮುಂದೆ ಚಾಚಿದರು.